ಮಿನಿ ಟಮ್ಮಿ ಟಕ್ ಸಾಕಾ, ಫುಲ್ಲೇ ಬೇಕಾ? ಮುಂಬೈ-ಪುಣೆ ಕಡೆ ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಟಮ್ಮಿ ಟಕ್, ಅಂದ್ರೆ ಜೋತುಬಿದ್ದ ಹೊಟ್ಟೆ ಚರ್ಮ ತೆಗೆದು ಬಿಗಿ ಮಾಡೋ ಆಪರೇಷನ್ ಬಗ್ಗೆ ಬಹಳ ದಿನ ಯೋಚನೆ ಮಾಡಿ ಬರೀತಿದೀನಿ. ನನಗೆ 38. ತವರು ತೀರ್ಥಹಳ್ಳಿ ಕಡೆ, ಮದುವೆಯಾಗಿ ಡೊಂಬಿವಲಿಗೆ ಬಂದು 13 ವರ್ಷ ಆಯ್ತು. ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್, ಚಿಕ್ಕವನಿಗೆ ಈಗ 6. ಇನ್ನು ಮಕ್ಕಳು ಬೇಡ ಅಂತ ತೀರ್ಮಾನ ಆಗಿದೆ. 76 ಕೆಜಿ ಇದ್ದವಳು ದಿನಾ ನಡೆದು, ಅನ್ನ ಕಡಿಮೆ ಮಾಡಿ 63ಕ್ಕೆ ಬಂದೆ. ಒಂದೂವರೆ ವರ್ಷದಿಂದ ತೂಕ ಅಲ್ಲೇ ನಿಂತಿದೆ.

ಕೈ, ಕಾಲು, ಮುಖ ಎಲ್ಲ ಇಳೀತು. ಹೊಟ್ಟೆಯ ಚರ್ಮ ಮಾತ್ರ ಖಾಲಿ ಚೀಲದ ಹಾಗೆ ಹೊಲಿಗೆ ಗುರುತಿನ ಮೇಲೆ ಮಡಚಿಕೊಂಡು ಬಿದ್ದಿದೆ. ಮಳೆಗಾಲ ಬಂತು ಅಂದ್ರೆ ಆ ಮಡಿಕೆಯೊಳಗೆ ಬೆವರು ನಿಂತು ಕೆಂಪಗೆ ಹುಣ್ಣಾಗತ್ತೆ. ಪೌಡರ್, ಮುಲಾಮು ಹಚ್ಚಿ ಹಚ್ಚಿ ಸಾಕಾಗಿದೆ. ಲಂಗದ ಲಾಡಿ ಮಡಿಕೆ ಮೇಲೆ ಕಟ್ಟಿದ್ರೆ ಹೊಟ್ಟೆ ಎದ್ದು ಕಾಣತ್ತೆ, ಕೆಳಗೆ ಕಟ್ಟಿದ್ರೆ ಹುಣ್ಣಿಗೆ ಉಜ್ಜತ್ತೆ.

ಇಬ್ಬರು ಸರ್ಜನ್ ಹತ್ರ ಹೋಗಿದ್ದೆ. ಮೊದಲನೆಯವರು ನಿಲ್ಲಿಸಿ ನೋಡಿ "ಮಿನಿ ಸಾಕು, ಒಂದೂವರೆ ಗಂಟೆ ಕೆಲಸ, ವಾರ ಕಳೆದರೆ ಆಫೀಸಿಗೆ ಹೋಗಬಹುದು" ಅಂದ್ರು. 1 ಲಕ್ಷ 40 ಸಾವಿರ ಹೇಳಿದ್ರು. ಎರಡನೆಯವರು ಮಲಗಿಸಿ, ತಲೆ ಎತ್ತಿಸಿ, ಕೂರಿಸಿ, ಬಗ್ಗಿಸಿ ನೋಡಿದ್ರು. "ಮಾಡಿಸಿದ್ರೆ ಫುಲ್ ಮಾಡಿಸಿ. ಮಿನಿ ಮಾಡಿ ನಿಮ್ಮ ದುಡ್ಡು ತಗೊಳ್ಳೋಕೆ ನನಗೆ ಮನಸ್ಸಿಲ್ಲ" ಅಂದ್ರು. 2 ಲಕ್ಷ 30 ಸಾವಿರ, ಮೂರು ಗಂಟೆ, ಸೊಂಟದ ಈ ತುದಿಯಿಂದ ಆ ತುದಿಗೆ ಗಾಯ.

ನನ್ನ ಮನಸ್ಸು ಮಿನಿ ಕಡೆ ವಾಲಿದೆ. ದುಡ್ಡೊಂದೇ ಕಾರಣ ಅಲ್ಲ. ಫುಲ್‌ನಲ್ಲಿ ಹೊಕ್ಕುಳ ಕತ್ತರಿಸಿ ಬೇರೆ ಕಡೆ ಇಡ್ತಾರೆ ಅಂತ ಕೇಳಿದಾಗಿನಿಂದ ರಾತ್ರಿ ನಿದ್ದೆ ಬರ್ತಿಲ್ಲ. ಯಜಮಾನರಿಗೆ ಗೊತ್ತು, ಅತ್ತೆಗೆ ಇನ್ನೂ ಹೇಳಿಲ್ಲ.

ಕೊಥ್ರೂಡ್ ಅಕ್ಕ

ತಂಗಿ, ಮೊದಲ ಆ ಹೊಕ್ಕಳದ ಭಯ ತೆಗದ ಬಿಡು. ಹೊಕ್ಕಳಾ ಎಲ್ಲೂ ಹೋಗೂದಿಲ್ಲ. ಅದು ಒಳಗ ಹೊಟ್ಟಿ ಗ್ವಾಡಿಗೆ ಬೇರಿನಂಗ ಹತ್ತಿಕೊಂಡಿರತದ, ಅಲ್ಲೇ ಇರತದ. ಸುತ್ತಲಿನ ಚರ್ಮ ಅಷ್ಟ ಬಿಡಸತಾರ. ಮ್ಯಾಲಿನ ಚರ್ಮ ಕೆಳಗ ಜಗ್ಗತಾರ, ಹೆಚ್ಚಿಗಿ ಆದದ್ದು ಕತ್ತರಸತಾರ, ಆಮ್ಯಾಲೆ ಹೊಕ್ಕಳಾ ಎಲ್ಲಿ ಬರತದೋ ಅಲ್ಲಿ ಹೊಸಾ ತೂತು ಮಾಡಿ ಹೊರಗ ತಂದು ಹೊಲೀತಾರ. ಗುಂಡಿ ಹಳೇದು, ಕಾಜಾ ಹೊಸಾದು. ನನ್ನ ಸರ್ಜನ್ ಕಾಗದದ ಮ್ಯಾಲೆ ಚಿತ್ರಾ ಬರದು ತೋರಿಸಿದಾಗ ನನಗೂ ಜೀವದಾಗ ಜೀವಾ ಬಂತು.

ಮಿನಿದಾಗ ಈ ಕಾಜಾ ಕೆಲಸಾನೇ ಇಲ್ಲ. ಹೊಕ್ಕಳದ ಕೆಳಗಿನ ಚರ್ಮ ಅಷ್ಟ ತಗೀತಾರ, ಮ್ಯಾಲಿಂದು ಹೆಂಗಿತ್ತೋ ಹಂಗ. ಅದಕ್ಕ ನಿನಗ ಕೇಳೂದು ಒಂದ: ಸಡ್ಲ ಆಗಿದ್ದು ಹೊಕ್ಕಳದ ಕೆಳಗ ಅಷ್ಟೇನೋ, ಮ್ಯಾಲೂ ಅದನೋ? ಖುರ್ಚಿ ಮ್ಯಾಲೆ ಕೂತು ನೋಡಿಕೋ. ಹೊಕ್ಕಳದ ಮ್ಯಾಲೆ ಮಡಿಕಿ ಬಿದ್ದು ಕೈಯಾಗ ಚರ್ಮ ಹಿಡಿಯಾಕ ಬಂತಂದ್ರ ಮಿನಿ ನಿನಗಲ್ಲ.

ನಂದು ಫುಲ್ ಆಗಿ 14 ತಿಂಗಳಾತು. ಅವಳಿ-ಜವಳಿ ಮಕ್ಕಳು ನನಗ. ಬೇಕಾದ್ದು ಕೇಳು, ಮುಚ್ಚಿಡೂದಿಲ್ಲ.

ವಾಶಿ ಸೆಕ್ಟರ್ 17

ನಾನು ಮಿನಿ ಮಾಡಿಸಿಕೊಂಡವಳು, ಮೂರು ವರ್ಷ ಆಯ್ತು, ಖುಷಿಯಾಗಿದ್ದೇನೆ. ಆದರೆ ನನಗೆ ಒಂದೇ ಮಗು. ಹೊಕ್ಕುಳದ ಮೇಲೆ ಮೊದಲಿನಿಂದಲೂ ಗಟ್ಟಿ. ಸಿಸೇರಿಯನ್ ಗುರುತಿನ ಮೇಲೆ ಮೂರು ಬೆರಳಷ್ಟು ಚರ್ಮ ಜೋತಾಡುತ್ತಿತ್ತು, ತೊಂದರೆ ಇದ್ದದ್ದು ಅಷ್ಟೇ. ಹಳೆಯ ಗುರುತನ್ನೂ ಸೇರಿಸಿ ತೆಗೆದು ಅದೇ ಗೆರೆಯಲ್ಲಿ ಹೊಲಿದರು. ಗೆರೆ ಎರಡು ಪಕ್ಕ ಸ್ವಲ್ಪ ಉದ್ದ ಆಯಿತು, ಅಷ್ಟೆ. ಹತ್ತನೆಯ ದಿನ ಲ್ಯಾಪ್‌ಟಾಪ್ ಮುಂದೆ ಕೂತೆ.

ಮಾಟುಂಗಾ ಮೈಸೂರು

ನಾನೂ ಮಿನಿ ಮಾಡಿಸಿಕೊಂಡೆ, ಆರು ವರ್ಷದ ಹಿಂದೆ. ನನ್ನ ಕಥೆ ವಾಶಿಯವರ ಹಾಗಲ್ಲ, ಅದಕ್ಕೇ ಬರೀಲೇಬೇಕು ಅನ್ನಿಸ್ತು.

ಫುಲ್ ಬೇಕು ಅಂತ ಡಾಕ್ಟರು ಹೇಳಿದ್ರು. ಉದ್ದ ಗಾಯ ಬೇಡ, ಮನೇಲಿ ಮಾವನವರಿಗೆ ಹುಷಾರಿಲ್ಲ, ಎರಡು ವಾರದ ಮೇಲೆ ರಜೆ ಇಲ್ಲ ಅಂತ ನಾನೇ ಹಟ ಮಾಡಿದೆ. ಅವರು ನಡುವಿನ ದಾರಿ ಅಂತ, ಹೊಕ್ಕುಳದ ಬೇರನ್ನ ಒಳಗಡೆ ಬಿಡಿಸಿ ಒಂದೂವರೆ ಎರಡು ಸೆಂಟಿಮೀಟರ್ ಕೆಳಗೆ ಕೂರಿಸಿ ಹೊಲಿದ್ರು. ಹೊಕ್ಕುಳದ ಸುತ್ತ ಗಾಯದ ಗುರುತು ಇಲ್ಲ, ಅದೊಂದು ಲಾಭ. ಹೊಕ್ಕುಳ ಕೆಳಗಿಳಿದದ್ದು ಬೇರೆಯವರಿಗೆ ಗೊತ್ತಾಗಲ್ಲ, ಕನ್ನಡಿ ಮುಂದೆ ನನಗೆ ದಿನಾ ಗೊತ್ತಾಗತ್ತೆ.

ನಿಂತ್ಕೊಂಡ್ರೆ ಚೆನ್ನಾಗಿದೆ. ಕೂತ ತಕ್ಷಣ ಹೊಕ್ಕುಳದ ಮೇಲಿನ ಚರ್ಮ ಮಡಚಿ ಬ್ಲೌಸಿನ ಕೆಳಗೆ ಸುರುಳಿ ಸುತ್ಕೊಳ್ಳತ್ತೆ. ಕೆಳಗಡೆ ಬಿಗಿಯಾದ ಮೇಲೆ ಮೇಲಿನದ್ದು ಮೊದಲಿಗಿಂತ ಹೆಚ್ಚು ಎದ್ದು ಕಾಣತ್ತೆ. ಊಟ ಆದ್ಮೇಲೆ ಮೇಲ್ಹೊಟ್ಟೆ ಉಬ್ಬತ್ತೆ, ಯಾಕಂದ್ರೆ ಮೇಲಿನ ಸ್ನಾಯು ಹೊಲಿದಿಲ್ಲ. ಹೋದ ವರ್ಷ ಸರಿಮಾಡಿಸೋಣ ಅಂತ ಕೇಳಿದೆ. ಮತ್ತೆ ಫುಲ್ಲೇ ಮಾಡಬೇಕು, ಒಂದು ಸಲ ಬೇರು ಬಿಡಿಸಿದ ಹೊಕ್ಕುಳಕ್ಕೆ ರಕ್ತ ಸಾಲದೆ ಹೋಗಬಹುದು, ಯೋಚನೆ ಮಾಡಿ ಅಂದ್ರು. ಧೈರ್ಯ ಬರಲಿಲ್ಲ, ಹಾಗೇ ಬಿಟ್ಟಿದೀನಿ.

ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ರಜೆ ಎಷ್ಟು ಸಿಗತ್ತೆ ಅನ್ನೋದನ್ನ ಮುಂದಿಟ್ಕೊಂಡು ಆಪರೇಷನ್ ಆರಿಸಿದೆ. ಒಂದು ವರ್ಷ ಕಾದು ಫುಲ್ ಮಾಡಿಸಿಕೊಳ್ಳಬೇಕಿತ್ತು ಅಂತ ಇವತ್ತಿಗೂ ಅನ್ನಿಸತ್ತೆ. ಡೊಂಬಿವಲಿ ಅವರೇ, ನೀವು ಆ ತಪ್ಪು ಮಾಡ್ಬೇಡಿ.

ಥಾಣೆ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್, ಮೂಲ ಉಡುಪಿ. ಇಲ್ಲಿ ಇನ್ನೂ ಒಂದು ವಿಷಯ ಉಂಟು. ಹೊಟ್ಟೆಯ ಮುಂದೆ ಉದ್ದಕ್ಕೆ ಎರಡು ಸ್ನಾಯು, ಮಧ್ಯೆ ಒಂದು ಬಿಳಿ ಪಟ್ಟಿ. ಬಸುರಿನಲ್ಲಿ ಆ ಪಟ್ಟಿ ಹಿಗ್ಗಿ ತೆಳ್ಳಗಾಗ್ತದೆ. ಕೆಲವರಿಗೆ ಹೆರಿಗೆ ಆಗಿ ಕೆಲವು ತಿಂಗಳಲ್ಲಿ ಹತ್ತಿರ ಬರ್ತದೆ, ಕೆಲವರಿಗೆ ಬರುವುದೇ ಇಲ್ಲ.

ಮನೆಯಲ್ಲೇ ನೋಡಬಹುದು. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ. ಹೊಕ್ಕುಳದ ಮೇಲೆ ಬೆರಳುಗಳನ್ನು ಅಡ್ಡಕ್ಕೆ ಇಟ್ಟು, ತಲೆ ಮತ್ತು ಭುಜ ಮಾತ್ರ ಸ್ವಲ್ಪ ಎತ್ತಿ. ಎರಡೂ ಪಕ್ಕ ಸ್ನಾಯು ಗಟ್ಟಿ ಆಗ್ತದೆ, ಮಧ್ಯೆ ಬೆರಳು ಒಳಗೆ ಇಳೀತದೆ. ಎರಡು ಬೆರಳಿಗಿಂತ ಹೆಚ್ಚು ಇಳಿದರೆ ಸ್ನಾಯು ಬಿಟ್ಟಿದೆ ಅಂತ ಲೆಕ್ಕ. ಹೊಕ್ಕುಳದಿಂದ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ಕೂಡ ನೋಡಿ. ಫುಲ್‌ನಲ್ಲಿ ಎದೆಮೂಳೆಯ ಕೆಳಗಿನಿಂದ ಹಿಡಿದು ಕೆಳಹೊಟ್ಟೆಯ ತನಕ ಆ ಬಿರುಕನ್ನು ಹೊಲಿಯಬಹುದು. ಮಿನಿಯಲ್ಲಿ ಸಾಮಾನ್ಯವಾಗಿ ಕೈ ಹೋಗುವುದು ಹೊಕ್ಕುಳದ ಕೆಳಗೆ ಮಾತ್ರ. ಹಾಗಾಗಿ ನಿಲ್ಲಿಸಿ ನೋಡಿ ಮಿನಿ ಅಂತ ಹೇಳಿದವರಿಗಿಂತ, ಮಲಗಿಸಿ ತಲೆ ಎತ್ತಿಸಿದವರು ನಿಮ್ಮ ಹೊಟ್ಟೆಯನ್ನು ಸರಿಯಾಗಿ ನೋಡಿದ್ದಾರೆ.

ವ್ಯಾಯಾಮದಿಂದ ಹೋಗುದಿಲ್ವಾ ಅಂತ ನನ್ನ ಹತ್ರ ಬರುವವರೆಲ್ಲ ಕೇಳ್ತಾರೆ. ಒಳಗಿನ ಸ್ನಾಯುವಿಗೆ ಬಲ ಬರ್ತದೆ, ಸೊಂಟನೋವು ಕಡಿಮೆ ಆಗ್ತದೆ, ಸಣ್ಣ ಬಿರುಕಿದ್ದರೆ ಸಾಕಾಗ್ತದೆ. ಹಿಗ್ಗಿದ ಚರ್ಮ ಮಾತ್ರ ವ್ಯಾಯಾಮಕ್ಕೆ ಹಿಂದೆ ಹೋಗುದಿಲ್ಲ. ಹೊಟ್ಟೆ ನಡುವೆ ಗೋಪುರದ ಹಾಗೆ ಉಬ್ಬುವವರು ಯಾರೋ ಹೇಳಿದ್ರು ಅಂತ ದಿನಕ್ಕೆ ನೂರು ಸಿಟ್-ಅಪ್ ಹೊಡೀಬೇಡಿ, ಬಿರುಕಿನ ಮೇಲೇ ಒತ್ತಡ ಬೀಳ್ತದೆ.

ಚೆಂಬೂರು ಹಿರಿಯಮ್ಮ

ನನಗೆ 71 ವರ್ಷ. ಓದಿ ಮನಸ್ಸಿಗೆ ಸಂಕಟವಾಯಿತು. ನಮ್ಮ ಕಾಲದಲ್ಲಿ ಬಾಣಂತನದಲ್ಲಿ ನಲವತ್ತು ದಿನ ಹಳೆ ಸೀರೆ ಬಿಗಿಯಾಗಿ ಸುತ್ತಿ ಹೊಟ್ಟೆ ಕಟ್ಟುತ್ತಿದ್ದರು. ನೀವೆಲ್ಲ ಅದನ್ನು ಬಿಟ್ಟಿರಿ. ಎರಡು ಮಕ್ಕಳ ತಾಯಿ ಸುಮ್ಮನೆ ಚೆಂದಕ್ಕೆ ಅಂತ ಇಷ್ಟು ದೊಡ್ಡ ಆಪರೇಷನ್‌ಗೆ ಮೈ ಒಡ್ಡಬೇಕೇ?

ಥಾಣೆ ಫಿಸಿಯೋ

ಅಮ್ಮಾ, ಹೊಟ್ಟೆ ಕಟ್ಟಿದರೆ ಬಾಣಂತಿಗೆ ಸೊಂಟಕ್ಕೆ ಆಧಾರ ಸಿಗ್ತದೆ, ಏಳಲಿಕ್ಕೆ ಕೂರಲಿಕ್ಕೆ ಹಿತ ಆಗ್ತದೆ, ಅದು ಸುಳ್ಳಲ್ಲ. ಆದರೆ ಹಿಗ್ಗಿ ತೆಳುವಾದ ಪಟ್ಟಿಯನ್ನು ಬಟ್ಟೆ ಕೂಡಿಸುದಿಲ್ಲ. ನಲವತ್ತು ದಿನ ಕಟ್ಟಿಸಿಕೊಂಡವರಲ್ಲೂ ನಾಲ್ಕು ಬೆರಳು ಬಿರುಕು ನಾನು ನೋಡಿದ್ದೇನೆ. ಅವರು ಕಟ್ಟಲಿಲ್ಲ ಅಂತ ಹೀಗಾದದ್ದಲ್ಲ.

ಡೊಂಬಿವಲಿ ಅಮ್ಮ

ಅಮ್ಮಾ, ನನ್ನಮ್ಮನೂ ಕಟ್ಟಿದ್ರು, ಎರಡು ಸಲವೂ. ಚೆಂದಕ್ಕೆ ಅಂತಲೂ ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಜುಲೈ ತಿಂಗಳು ಪೂರ್ತಿ ಆ ಹುಣ್ಣಿಗೆ ಬಟ್ಟೆ ತಾಗಿದ್ರೂ ಉರಿ. ಮಗುವನ್ನ ಎತ್ಕೊಂಡ್ರೆ ಸೊಂಟ ಹಿಡ್ಕೊಳ್ಳತ್ತೆ.

ಚೆಂಬೂರು ಹಿರಿಯಮ್ಮ

ಹುಣ್ಣಿನ ವಿಷಯ ನಾನು ಸರಿಯಾಗಿ ಓದಲಿಲ್ಲ ಮಗಳೇ, ತಪ್ಪಾಯಿತು. ನಿನ್ನ ಅತ್ತೆಗೆ ಹೇಳುವಾಗ ಆಪರೇಷನ್ ಅಂತ ಮಾತು ಶುರು ಮಾಡಬೇಡ. ಮೊದಲು ಆ ಹುಣ್ಣು ತೋರಿಸು.

ಮುಲುಂಡ್ ಹೋಟೆಲ್

ಗಂಡಸರೂ ಬರೀಬಹುದಾ? ನಾನು ಕುಂದಾಪುರದವ, ಇಲ್ಲಿ ಹೋಟೆಲ್ ಉಂಟು. ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿ ಆಗಿ 118ರಿಂದ 79ಕ್ಕೆ ಬಂದೆ. ಹೊಟ್ಟೆ, ಪಕ್ಕೆ, ಬೆನ್ನಿನ ಕೆಳಗೆ ಎಲ್ಲ ಚರ್ಮ ನೇತಾಡ್ತದೆ. ಮಿನಿಯಲ್ಲಿ ಆಗ್ತದಾ ಅಂತ ಕೇಳಿದ್ದಕ್ಕೆ, ನನ್ನಂಥವರಿಗೆ ಫುಲ್ ಕೂಡ ಸಾಲುದಿಲ್ಲ, ಗಾಯ ಪಕ್ಕೆಯಿಂದ ಹಿಂದೆ ತನಕ ಹೋಗ್ಬೇಕು, ಕೆಲವರಿಗೆ ನಡುವೆ ಉದ್ದಕ್ಕೂ ಒಂದು ಗೆರೆ ಬೇಕಾಗ್ತದೆ ಅಂದ್ರು. ತೂಕ ಆರು ತಿಂಗಳಾದ್ರೂ ಒಂದೇ ಕಡೆ ನಿಲ್ಲಲಿ, ರಕ್ತದಲ್ಲಿ ಹಿಮೋಗ್ಲೋಬಿನ್, ಪ್ರೋಟೀನ್ ಸರಿ ಆಗಲಿ, ಆಮೇಲೆ ಬನ್ನಿ ಅಂತ ಕಳಿಸಿದ್ರು. ಕಾಯ್ತಾ ಇದ್ದೇನೆ.

ನನ್ನ ತಮ್ಮನೂ ಜೊತೆಗೆ ಬಂದಿದ್ದ. ಅವನದ್ದು ಗಟ್ಟಿ ಗುಂಡು ಹೊಟ್ಟೆ. ಅವನಿಗೆ ಮಿನಿಯೂ ಇಲ್ಲ, ಫುಲ್ಲೂ ಇಲ್ಲ ಅಂದುಬಿಟ್ರು. ಕೊಬ್ಬು ಸ್ನಾಯುವಿನ ಹಿಂದೆ, ಕರುಳಿನ ಸುತ್ತ ಇದೆಯಂತೆ, ಚರ್ಮ ಹಿಡಿದರೆ ಕೈಗೇ ಸಿಗುದಿಲ್ಲ. ಕೊಬ್ಬು ಹೀರುವ ಲೈಪೋಸಕ್ಷನ್ ಕೊಳವೆಯೂ ಅಲ್ಲಿಗೆ ಹೋಗುದಿಲ್ಲ. ಅದು ತಿನ್ನುವುದು ಕಡಿಮೆ ಮಾಡಿ, ನಡೆದೇ ಇಳೀಬೇಕು ಅಂದ್ರು.

ವಾಸ್ಕೊ ನರ್ಸ್

ನಾನು ಗೋವಾದಲ್ಲಿ ಹದಿನೇಳು ವರ್ಷದಿಂದ ನರ್ಸ್. ಯಾವುದನ್ನು ಆರಿಸಿದರೂ ಈ ಮಾತುಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ತಂಬಾಕು. ಸಿಗರೇಟು ಸೇದುತ್ತೀರಾ ಅಂತ ಡಾಕ್ಟರು ಕೇಳುತ್ತಾರೆ, ನಮ್ಮ ಹೆಂಗಸರು ಇಲ್ಲ ಅನ್ನುತ್ತಾರೆ. ಬೆಳಿಗ್ಗೆ ಹಲ್ಲಿಗೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ಉಜ್ಜುತ್ತೀರಾ, ಎಲೆ ಅಡಿಕೆಗೆ ಕಡ್ಡಿಪುಡಿ ಹಾಕಿಕೊಳ್ಳುತ್ತೀರಾ ಅಂತ ಯಾರೂ ಕೇಳುವುದಿಲ್ಲ. ಅದೂ ನಿಕೋಟಿನ್ನೇ. ರಕ್ತನಾಳ ಕುಗ್ಗಿ, ಜಗ್ಗಿ ಹೊಲಿದ ಚರ್ಮಕ್ಕೆ ರಕ್ತ ಸಿಗದೆ ಹೊಲಿಗೆಯ ಅಂಚು ಕಪ್ಪಾಗಿ ಸಾಯುತ್ತದೆ. ಫುಲ್‌ನಲ್ಲಿ ಬಿಡಿಸುವ ಚರ್ಮ ಹೆಚ್ಚು, ಅಪಾಯವೂ ಹೆಚ್ಚು. ಕನಿಷ್ಠ ನಾಲ್ಕು ವಾರ ಮೊದಲು, ನಾಲ್ಕು ವಾರ ಆಮೇಲೆ ಪೂರ್ತಿ ಬಿಡಬೇಕು. ನೀವಾಗಿಯೇ ಬಾಯಿಬಿಟ್ಟು ಹೇಳಿ.

ರಕ್ತ ಹೆಪ್ಪುಗಟ್ಟುವುದು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಅದೇ ಸಂಜೆ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತೇವೆ, ನೋವು ಅಂತ ಬೈದುಕೊಳ್ಳಬೇಡಿ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗೆ ಹೆಪ್ಪುಗಟ್ಟಿದ್ದರೆ ಮೊದಲೇ ತಿಳಿಸಿ. ಒಂದೇ ಮೀನಖಂಡ ಊದಿ ನೋವಾದರೆ, ಉಸಿರು ಸಿಕ್ಕಿಹಾಕಿಕೊಂಡರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು: ತವರಿನಲ್ಲಿ ಸುಧಾರಿಸಿಕೊಳ್ಳುತ್ತೇನೆ ಅಂತ ಹತ್ತನೇ ದಿನಕ್ಕೆ ರಾತ್ರಿ ಬಸ್ಸು ಹತ್ತುವವರಿದ್ದಾರೆ. ಹನ್ನೆರಡು ಹದಿನಾಲ್ಕು ಗಂಟೆ ಕಾಲು ಮಡಚಿ ಕೂರುವುದು ಬೇಡ. ಅಮ್ಮನನ್ನು ನಿಮ್ಮ ಮನೆಗೇ ಕರೆಸಿಕೊಳ್ಳಿ.

ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಡಿಗ್ರಿ ಮಾಡಿದ್ದಾರಾ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ನೋಂದಣಿ ಇದೆಯಾ ನೋಡಿ. ಆಪರೇಷನ್ ಆಗುವ ಜಾಗದಲ್ಲಿ ಐಸಿಯು ಇದೆಯಾ ಅಂತಲೂ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರಿದ್ದರೆ ಎದ್ದು ಬನ್ನಿ.

ಹಿಂಜವಡಿ ಕ್ಲೇಮ್ಸ್

ಇನ್ಶೂರೆನ್ಸ್ ಬಗ್ಗೆ ಯಾರೂ ಬರೆದಿಲ್ಲ. ಟಮ್ಮಿ ಟಕ್‌ಗೆ ಸಿಗೋದಿಲ್ಲ. ಸಾಮಾನ್ಯವಾಗಿ ಆರೋಗ್ಯ ಪಾಲಿಸಿಗಳಲ್ಲಿ ಕಾಸ್ಮೆಟಿಕ್ ಸರ್ಜರಿ ಎಂಟನೇ ನಂಬರಿನ ಎಕ್ಸ್‌ಕ್ಲೂಷನ್, ಅಂದರೆ ದುಡ್ಡು ಕೊಡದ ಪಟ್ಟಿಯಲ್ಲಿರುತ್ತೆ. ಜೊತೆಗೆ ಹರ್ನಿಯಾ (ಹೊಟ್ಟೆಯ ಗೋಡೆಯ ತೂತಿನಿಂದ ಒಳಗಿನದ್ದು ಹೊರಗೆ ಉಬ್ಬೋದು) ಇದ್ದು ಅದನ್ನೂ ರಿಪೇರಿ ಮಾಡಿದರೆ, ಆ ಭಾಗದ ಬಿಲ್ ಬೇರೆ ಮಾಡಿಸಿ, ಸೋನೋಗ್ರಫಿ ರಿಪೋರ್ಟ್ ಇಟ್ಟು ಕೇಳಬಹುದು. ಹರ್ನಿಯಾಕ್ಕೆ ಬಹಳಷ್ಟು ಪಾಲಿಸಿಗಳಲ್ಲಿ ಎರಡು ವರ್ಷದ ಕಾಯುವಿಕೆ ಇರುತ್ತೆ. ಪೂರ್ತಿ ಆಪರೇಷನ್ನನ್ನೇ ಹರ್ನಿಯಾ ಅಂತ ಬರೆಸೋದು ಮಾತ್ರ ಬೇಡ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು. ಕಾಸ್ಮೆಟಿಕ್ ಸರ್ಜರಿಗೆ ಜಿಎಸ್‌ಟಿ ವಿನಾಯಿತಿಯೂ ಇಲ್ಲ. ನಿಮಗೆ ಹೇಳಿದ ಮೊತ್ತದಲ್ಲಿ ಅದು, ಅರಿವಳಿಕೆ ಡಾಕ್ಟರ ಫೀಸು, ಆಮೇಲೆ ಹೊಟ್ಟೆಗೆ ಕಟ್ಟುವ ಬೆಲ್ಟು ಸೇರಿದೆಯಾ ಅಂತ ಬರಹದಲ್ಲಿ ಕೇಳಿ.

ಡೊಂಬಿವಲಿ ಅಮ್ಮ

ಹನ್ನೊಂದು ದಿನ ಆದ್ಮೇಲೆ ಬರೀತಿದೀನಿ. ಫಿಸಿಯೋ ಮೇಡಂ ಹೇಳಿದ ಹಾಗೆ ಮಲಗಿ ನೋಡಿಕೊಂಡೆ, ಮೂರು ಬೆರಳು ಸಲೀಸಾಗಿ ಇಳೀತು. ಖುರ್ಚಿ ಮೇಲೆ ಕೂತೆ, ಕೊಥ್ರೂಡ್ ಅಕ್ಕ ಹೇಳಿದ ಮಡಿಕೆ ಹೊಕ್ಕುಳದ ಮೇಲೂ ಇದೆ. ಇಷ್ಟು ವರ್ಷ ಕೆಳಗಿನದ್ದು ಮಾತ್ರ ನೋಡ್ತಿದ್ದೆ. ಸೋನೋಗ್ರಫಿ ಮಾಡಿಸಿದೆ. ಹೊಕ್ಕುಳದ ಮೇಲ್ಗಡೆ 4.2 ಸೆಂಟಿಮೀಟರ್ ಬಿರುಕು, ಹೊಕ್ಕುಳದಲ್ಲಿ ಸಣ್ಣ ಹರ್ನಿಯಾ ಬೇರೆ.

ಎರಡನೇ ಸರ್ಜನ್ ಹತ್ರ ಮತ್ತೆ ಹೋದೆ. ಅವರು ಒಂದು ಕೆಟ್ಟ ಸುದ್ದಿಯನ್ನೂ ನೇರವಾಗಿ ಹೇಳಿದ್ರು. ನನ್ನ ಮೇಲಿನ ಚರ್ಮ ಪೂರ್ತಿ ಕೆಳಗಿನ ಗೆರೆವರೆಗೆ ಬರದೇ ಇರಬಹುದು, ಆಗ ಹಳೇ ಹೊಕ್ಕುಳದ ತೂತು ಇದ್ದ ಕಡೆ ಕೆಳಹೊಟ್ಟೇಲಿ ಒಂದು ಚಿಕ್ಕ ಉದ್ದಗೆರೆ ಉಳಿಯತ್ತೆ. ಹರ್ನಿಯಾ ರಿಪೇರಿಯನ್ನ ಹೊಕ್ಕುಳದ ಬೇರಿಗೆ ರಕ್ತ ತಪ್ಪದ ಹಾಗೆ ಜೋಪಾನವಾಗಿ ಮಾಡಬೇಕು ಅಂತಾನೂ ಹೇಳಿದ್ರು. ಇದೆಲ್ಲ ಕೇಳಿದ ಮೇಲೂ ಫುಲ್ಲೇ ಅಂತ ನಿರ್ಧಾರ ಮಾಡಿದೀನಿ. ದೀಪಾವಳಿ ಕಳೆದ ಮೇಲೆ.

ಕೊಥ್ರೂಡ್ ಅಕ್ಕ, ಈಗ ನಿಮ್ಮನ್ನ ಕೇಳ್ತೀನಿ. ಮೊದಲ ಎರಡು ವಾರ ನಿಜಕ್ಕೂ ಹೇಗಿತ್ತು? ಲೋಕಲ್ ರೈಲಿನಲ್ಲಿ ಯಾವಾಗ ಹೋಗಬಹುದು?

ಕೊಥ್ರೂಡ್ ಅಕ್ಕ

ಖರೇ ಹೇಳತೀನಿ. ಮೊದಲ ಮೂರು ದಿನ ಭಾಳ ಕಷ್ಟ. ಸ್ನಾಯು ಹೊಲದದ್ದರ ನೋವು ಚರ್ಮದ ನೋವಿಗಿಂತ ಹೆಚ್ಚು. ಒಂಬತ್ತು ದಿನಾ ಬಾಗೇ ನಡದೆ, ನೆಟ್ಟಗ ನಿಂತ್ರ ಹೊಲಿಗಿ ಜಗ್ಗತದ. ಮಲಗೂ ಮುಂದ ಬೆನ್ನಿಗೆ ಎರಡು ದಿಂಬು, ಮಂಡಿ ಬುಡಕ ಒಂದು. ಕೆಮ್ಮು ಬಂದ್ರ ದಿಂಬು ಹೊಟ್ಟಿಗೆ ಅವಚಿ ಹಿಡಕೊಂಡು ಕೆಮ್ಮಬೇಕು. ಗಾಯದೊಳಗಿನ ನೀರು ಹೊರಗ ತಗಿಯೂ ಡ್ರೈನ್ ನಳಿಗಿ ಎರಡು ಇದ್ದವು, ದಿನಾ ಎಷ್ಟು ಮಿಲಿ ಬಂತು ಅಂತ ನನ್ನ ಗಂಡ ಗ್ಯಾಸ್ ಪುಸ್ತಕದ ಹಿಂದ ಬರದಿಡತಿದ್ರು. 30ರ ಒಳಗ ಬಂದ ಮ್ಯಾಲೆ ತಗದ್ರು, ಒಂದು ಐದನೇ ದಿನ, ಇನ್ನೊಂದು ಎಂಟನೇ ದಿನ. ನಳಿಗಿ ತಗದ ಮ್ಯಾಲೂ ಒಂದು ಕಡೆ ನೀರು ತುಂಬಿತ್ತು, ಸೂಜಿ ಹಾಕಿ ಎರಡು ಸಲ ತಗದ್ರು. ನಿನಗೂ ಹಂಗಾದ್ರ ಅಂಜಬ್ಯಾಡ, ಡಾಕ್ಟರ್‌ಗೆ ತೋರಸು.

ಮನ್ಯಾಗ ಕೂತು ಹೋಗೂ ಭಾರತೀಯ ಸಂಡಾಸ ಇದ್ರ ಈಗಲೇ ಮ್ಯಾಲೆ ಇಡೂ ಖುರ್ಚಿ ತಂದಿಡು. ನೋವಿನ ಗುಳಿಗಿಗೆ ಮಲಬದ್ಧತಿ ಆಗತದ, ಮುಕ್ಕಿದ್ರ ಹೊಲಿಗಿಗೆ ಪೆಟ್ಟು. ನಾ ರಾತ್ರಿ ಇಸಬಗೋಲ, ಮುಂಜಾನೆ ನೆನಸಿದ ಒಣದ್ರಾಕ್ಷಿ ತಗೊಂತಿದ್ದೆ. ಆರು ವಾರ ತುಂಬಿದ ಬಕೇಟು, ಐದು ಲೀಟರಿನ ಕುಕ್ಕರು, ಗ್ಯಾಸ್ ಸಿಲಿಂಡರು, ಮಗು, ಯಾವುದೂ ಎತ್ತಾಕಿಲ್ಲ. ಸಣ್ಣಾಂವಗ ಈಗಿಂದ ಹೇಳಿಡು, ಅಮ್ಮ ಎತ್ತಿಕೊಳ್ಳೂದಿಲ್ಲ, ಬಾಜೂಕ ಕೂತು ಅಪ್ಪಿಕೋ ಅಂತ. ನನ್ನ ಮಕ್ಕಳಿಗೆ ಹೇಳಿರಲಿಲ್ಲ, ಮೊದಲ ದಿನ ಇಬ್ಬರೂ ಅತ್ತರು.

ಹೊಟ್ಟಿ ಕೆಳಗಿನ ಚರ್ಮ ಇನ್ನೂ ಜುಮ್ಮಂತದ, ಮುಟ್ಟಿದ್ರ ಪೂರಾ ಗೊತ್ತಾಗೂದಿಲ್ಲ. ಮೂರನೇ ತಿಂಗಳದಾಗ ಬಿಸಿನೀರಿನ ಚೀಲ ಇಟಗೊಂಡು ಬೊಬ್ಬಿ ಎದ್ದಿತ್ತು, ನನಗ ತಿಳೀಲೇ ಇಲ್ಲ. ನೀ ಇಡಬ್ಯಾಡ. ಗಾಯದ ಗೆರಿ ಮೊದಲ ಆರು ತಿಂಗಳು ಕೆಂಪು-ಕಪ್ಪಾಗಿ ನೋಡಾಕ ಬ್ಯಾಸರ ಆಗತದ. ಸಿಲಿಕಾನ್ ಪಟ್ಟಿ ಹಚ್ಚಿದೆ, ಈಗ ತಿಳಿ ಆಗೇದ. ಹಳೇ ಗಾಯ ಎಲ್ಲೆರೆ ಗಂಟಾಗಿ ಬೆಳದಿದ್ರ ಸರ್ಜನ್‌ಗೆ ಮೊದಲ ಹೇಳು.

ಲೋಕಲ್ ಬಗ್ಗೆ: ಕೂತು ಮಾಡೂ ಕೆಲಸಾ ನಾ ಮೂರನೇ ವಾರಕ್ಕ ಮನಿಯಿಂದ ಶುರು ಮಾಡಿದೆ. ಆದ್ರ ಡೊಂಬಿವಲಿ ಗದ್ದಲದಾಗ ಯಾರದರ ಮೊಣಕೈ ಹೊಟ್ಟಿಗೆ ಬಡದ್ರ ಏನ ಮಾಡತಿ? ಆರು ವಾರ ಅದರ ಸಮೀಪ ಹೋಗಬ್ಯಾಡ. ಆಮ್ಯಾಲೂ ಒಂದು ತಿಂಗಳು ಗದ್ದಲಿಲ್ಲದ ಹೊತ್ತಿನ್ಯಾಗ ಹೋಗು.

ಮಾಟುಂಗಾ ಮೈಸೂರು

ಅಕ್ಕ ಬರೆದದ್ದು ಓದಿ ಮನಸ್ಸು ತುಂಬಿ ಬಂತು. ಆರು ವರ್ಷದ ಹಿಂದೆ ಕನ್ನಡದಲ್ಲಿ ಇಷ್ಟು ಬಿಡಿಸಿ ಹೇಳೋರು ನನಗೆ ಯಾರೂ ಇರಲಿಲ್ಲ. ಡೊಂಬಿವಲಿ ಅವರೇ, ಆಪರೇಷನ್‌ಗೆ ಮುಂಚೆ ನಿಂತು, ಕೂತು, ಬಗ್ಗಿ ಫೋಟೋ ತೆಗೆಸಿ ಇಟ್ಕೊಳ್ಳಿ. ನನ್ನ ಹತ್ರ ನಿಂತಿದ್ದು ಮಾತ್ರ ಇದೆ.

ಡೊಂಬಿವಲಿ ಅಮ್ಮ

ನೆನ್ನೆ ರಾತ್ರಿ ಅತ್ತೆಗೆ ಹೇಳಿದೆ. ಹಿರಿಯಮ್ಮ ಹೇಳಿದ ಹಾಗೆ ಮೊದಲು ಹುಣ್ಣು ತೋರಿಸಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದ್ರು, ಎಣ್ಣೆ ಹಚ್ಚಿದ್ರೆ ಹೆಚ್ಚಾಗತ್ತೆ ಅತ್ತೆ ಅಂದೆ. "ನಿಮ್ಮಮ್ಮ ಎಷ್ಟು ದಿನ ಇರ್ತಾರೆ?" ಅಂತ ಕೇಳಿದ್ರು. ಒಂದು ತಿಂಗಳು ಅಂದೆ. "ಆಮೇಲಿಂದು ನಾನು ನೋಡ್ಕೋತೀನಿ, ಚಪಾತಿಗೆ ಮಾತ್ರ ಕೆಲಸದ ಬಾಯಿ ಒಬ್ಬಳನ್ನ ಗೊತ್ತುಮಾಡು" ಅಂದ್ರು.

ಕೊಥ್ರೂಡ್ ಅಕ್ಕ

ಛಲೋ ಆತು ನೋಡವಾ. ಬೆಲ್ಟ್ ಎರಡು ತಗೋ, ಒಂದು ಒಗದು ಹಾಕಿದಾಗ ಇನ್ನೊಂದು ಬೇಕಾಗತದ. ಒಳಗ ತೆಳ್ಳನ ಹತ್ತಿ ಬನಿಯನ್ ಹಾಕ್ಕೊಂಡು ಬೆಲ್ಟ್ ಹಾಕು, ಚರ್ಮಕ್ಕ ಕಚ್ಚೂದಿಲ್ಲ. ತಾರೀಖು ಗೊತ್ತಾದ ಮ್ಯಾಲೆ ಇಲ್ಲೇ ತಿಳಸು.